ತೊಗರಿ ಬೇರಿನ ಕೆಂಪು ಗಂಟು

ಹೂ ಬಿಡೋ ಮುಂಚೆ ಒಂದು ತೊಗರಿ ಗಿಡವನ್ನು ಬುಡದ ಮಣ್ಣು ಸಮೇತ ಮೆಲ್ಲಗೆ ಅಗೆದು ನೋಡಿ. ಜಗ್ಗಿ ಕೀಳಬೇಡಿ, ಗಂಟುಗಳೆಲ್ಲ ಮಣ್ಣಲ್ಲೇ ಉಳಿದುಬಿಡ್ತವೆ. ಬೇರು ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ತಿಳಿಗೆಂಪು ಕಂಡರೆ ಗಂಟಿನೊಳಗಿದ್ದು ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಜೀವಾಣುಗಳ ಕೆಲಸ ಜೋರಾಗಿ ನಡೆದಿದೆ ಅಂತ. ಹಸಿರೋ ಬೂದಿಯೋ ಇದ್ದರೆ ನಿಂತಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗವೇ. ಗಾಳಿಯ ಸಾರಜನಕವನ್ನು ಗಿಡದ ಆಹಾರ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತೆ. ಅದನ್ನು ಕಾಯೋದೇ ಈ ಲೆಗ್‌ಹಿಮೋಗ್ಲೋಬಿನ್‌ನ ಕೆಲಸ. ಪ್ರತಿ ಸಲ ನೋಡಿದಾಗಲೂ ನನಗೆ ಮೈ ಜುಮ್ಮೆನ್ನುತ್ತೆ.

ಹೊಲಕ್ಕೆ ಯೂರಿಯಾ ಸುರಿದಷ್ಟೂ ಗಂಟು ಕಟ್ಟೋದು ಕಡಿಮೆ. ಸಾರಜನಕ ಸುಮ್ಮನೆ ಸಿಗುವಾಗ ಗಿಡ ತನ್ನ ಸಕ್ಕರೆ ಕೊಟ್ಟು ಈ ಜೀವಾಣುಗಳನ್ನು ಯಾಕೆ ಸಾಕುತ್ತೆ? ಕಲಬುರಗಿ, ಬೀದರ್ ಕಡೆಯ ತೊಗರಿ ಬೆಳೆಗಾರರು ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಬೇರು ನೋಡೋದು ರೂಢಿಯಾಗಲಿ ಅಂತ ನನ್ನಾಸೆ.

ಬೀಜೋಪಚಾರ ಮಾಡುವವರಿಗೆ ಒಂದೆರಡು ಮಾತು. ಬೆಲ್ಲದ ನೀರಿನ ಅಂಟಿನಲ್ಲಿ ರೈಜೋಬಿಯಂ ಹಚ್ಚಿದ ಬೀಜವನ್ನು ನೆರಳಲ್ಲೇ ಆರಿಸಿ, ಅದೇ ದಿನ ಬಿತ್ತಿ. ಬಿಸಿಲಿಗೆ ಹರವಿದರೆ ಜೀವಾಣು ಸತ್ತವು ಅಂತಲೇ ಲೆಕ್ಕ. ಶಿಲೀಂಧ್ರನಾಶಕ ಹಚ್ಚೋದಿದ್ದರೆ ಅದು ಮೊದಲು, ಇದು ಕೊನೆಗೆ. ಹಾಗೇ ಪೊಟ್ಟಣದ ಮೇಲಿನ ತಾರೀಖು ನೋಡದೆ ಕೊಳ್ಳಬೇಡಿ, ಒಳಗಿರೋದು ಜೀವಂತ ಸರಕು.