ಅಳತೆ ಮೊದಲು, ಬ್ಲೇಡು ಆಮೇಲೆ: 1963ರ ‘ಡಾಕ್ಟರ್ ಹೂ’ ಧ್ವನಿ ಕೆಲಸ

ಧ್ವನಿ ಸಂಕಲನ ಕಲಿಯುವವರು ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಮೊದಲ ಶೀರ್ಷಿಕೆ ಸಂಗೀತವನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಬೇಕು. ಅದನ್ನು ಯಾವ ವಾದ್ಯವೃಂದವೂ ನುಡಿಸಿಲ್ಲ. ರಾನ್ ಗ್ರೇನರ್ ಬರೆದುಕೊಟ್ಟ ಸ್ವರಗಳನ್ನು ಬಿಬಿಸಿಯ ವಿಶೇಷ ಧ್ವನಿ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿ ಡೀಲಿಯಾ ಡಾರ್ಬಿಶರ್ ಒಂದೊಂದಾಗಿ ಟೇಪಿನಲ್ಲಿ ಕತ್ತರಿಸಿ ಅಂಟಿಸಿದರು. ಜೊತೆಗಿದ್ದವರು ಡಿಕ್ ಮಿಲ್ಸ್.

ಮಂದ್ರದ ಆ ದಡಬಡ ಹುಟ್ಟಿದ್ದು ಮೀಟಿದ ಒಂದೇ ತಂತಿಯಿಂದ. ಟೇಪಿನ ವೇಗ ಬದಲಿಸಿದರೆ ಶ್ರುತಿ ಬದಲಾಗುತ್ತದೆ: ವೇಗ ದುಪ್ಪಟ್ಟಾದರೆ ಒಂದು ಸ್ಥಾಯಿ ಮೇಲೆ, ಸುಮಾರು 6% ಹೆಚ್ಚಿದರೆ ಒಂದು ಸ್ವರಸ್ಥಾನ ಮೇಲೆ. ಆದರೆ ವೇಗ ಹೆಚ್ಚಿದಷ್ಟೂ ತಂತಿಯ ಗುಂಗು ಬೇಗ ಕರಗುತ್ತದೆ. ಆದ್ದರಿಂದ ಬೇಕಾದ ಶ್ರುತಿಗಳನ್ನೆಲ್ಲ ಮೊದಲೇ ಬೇರೆ ಟೇಪಿಗೆ ಇಳಿಸಿಕೊಳ್ಳಬೇಕು, ಉದ್ದ ಅಳೆಯುವುದು ಆಮೇಲೆ. ಈ ಕ್ರಮ ತಲೆಕೆಳಗಾದರೆ ಲಯವೇ ಕೆಡುತ್ತದೆ.

ಸ್ಟುಡಿಯೊ ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ. ನಿಮಿಷಕ್ಕೆ 120 ಎಣಿಕೆಯ ಲಯ ಎಂದುಕೊಂಡರೆ ಒಂದು ಎಣಿಕೆಗೆ ಏಳೂವರೆ ಇಂಚು. ಪ್ರತಿ ತುಂಡಿನಲ್ಲೂ ಇಂಚಿನ ಹದಿನಾರನೇ ಒಂದು ಭಾಗ ಕಡಿಮೆಯಾದರೆ ನೂರು ತುಂಡಿಗೆ ಆರೂಕಾಲು ಇಂಚು ಹೋಯಿತು, ಅಂದರೆ ಸುಮಾರು 0.4 ಸೆಕೆಂಡು. ಒಂದೊಂದು ಜೋಡಣೆಯನ್ನು ಕೇಳಿ ನೋಡಿದಾಗ ಇದು ಗೊತ್ತೇ ಆಗುವುದಿಲ್ಲ, ಕೊನೆಗೆ ಬೇರೆ ಟೇಪಿನ ಜೊತೆ ಓಡಿಸಿದಾಗ ಬಯಲಾಗುತ್ತದೆ.

ಬ್ಲೇಡಿನ ವಿಷಯಕ್ಕೆ ಬಂದರೆ, ಸಾಮಾನ್ಯವಾಗಿ 45 ಡಿಗ್ರಿ ಓರೆ ಕತ್ತರಿಕೆ. ಕಾಲಿಂಚು ಟೇಪಿನಲ್ಲಿ ಇದು ಸುಮಾರು 17 ಮಿಲಿಸೆಕೆಂಡಿನಲ್ಲಿ ಒಂದು ಸದ್ದನ್ನು ಇನ್ನೊಂದಕ್ಕೆ ಬೆರೆಸುತ್ತದೆ. ಮೀಟಿನ ಹೊಡೆತ ಚುರುಕಾಗಿಯೇ ಕೇಳಬೇಕಾದರೆ ನೆಟ್ಟಗೆ ಕತ್ತರಿಸಬೇಕು. ಕಾಂತತ್ವ ಹಿಡಿದ ಬ್ಲೇಡು ಪ್ರತಿ ಜೋಡಣೆಯಲ್ಲೂ ಟಿಕ್ ಎನಿಸುತ್ತದೆ. ಮಾಮೂಲಿ ಸೆಲ್ಲೋಟೇಪಿನಿಂದ ಗೋಂದು ಜಿನುಗಿ ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ರಾಗದ ಸಾಲು ಪರೀಕ್ಷಾ ಆಸಿಲೇಟರುಗಳಿಂದ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಉಪಕರಣ) ಬಂತು, ಮೋಡದಂಥ ಸುಯ್ಲು ಸೋಸಿದ ಬಿಳಿ ಗದ್ದಲದಿಂದ (ಎಲ್ಲ ಶ್ರುತಿಗಳೂ ಸಮವಾಗಿ ಬೆರೆತ ಸರ್‌ ಸದ್ದು). ಒಂದೇ ಟೇಪಿನಲ್ಲಿ ಹಲವು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಬಹುಪಥ ಯಂತ್ರ ಇರಲಿಲ್ಲವಾದ್ದರಿಂದ ಮೂರು ಟೇಪುಗಳನ್ನು ಒಟ್ಟಿಗೆ ಓಡಿಸಿ ಬೆರೆಸಬೇಕಿತ್ತು. ಎಲ್ಲೋ ಒಂದು ಸ್ವರ ತಪ್ಪಿತ್ತು, ಯಾವ ಟೇಪಿನಲ್ಲಿ ಎಂದು ಕಿವಿಗೆ ಸಿಗಲಿಲ್ಲ. ಮೂರನ್ನೂ ಕಾರಿಡಾರಿನಲ್ಲಿ ಅಕ್ಕಪಕ್ಕ ಹಾಸಿ ಅಂಟುಗಳನ್ನು ಹೋಲಿಸಿದಾಗ, ಸಾಲು ತಪ್ಪಿದ ಅಂಟು ಕಣ್ಣಿಗೆ ಬಿತ್ತು. ಇಂದಿನ ಪರದೆಯ ಮೇಲೆ ಅಲೆಯ ಚಿತ್ರ ನೋಡಿ ತಪ್ಪು ಹುಡುಕುವುದೂ ಇದೇ ವಿದ್ಯೆ. ಇಷ್ಟು ಮಾಡಿದ ಡೀಲಿಯಾ ಅವರ ಹೆಸರು ಈ ಸಂಗೀತಕ್ಕಾಗಿ ಧಾರಾವಾಹಿಯ ತೆರೆಯ ಮೇಲೆ ಬಂದದ್ದು 2013ರಲ್ಲಿ, ಅವರು ತೀರಿಹೋಗಿ 12 ವರ್ಷಗಳ ನಂತರ. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ಧಾರಾವಾಹಿಯ ಕಾಲಯಾನದ ನೌಕೆ ಟಾರ್ಡಿಸ್ ಹೊರಡುವ ಸದ್ದು ಬ್ರಯಾನ್ ಹಾಜ್‌ಸನ್ ಅವರದು: ಹಳೇ ಪಿಯಾನೊದ ಮಂದ್ರ ತಂತಿಯ ಮೇಲೆ ಬಾಗಿಲ ಕೀಲಿಕೈ ಎಳೆದು, ಟೇಪಿನಲ್ಲಿ ಸಂಸ್ಕರಿಸಿದ್ದು.

ಧಾರಾವಾಹಿಯ ಯಂತ್ರದಂಥ ಖಳಜೀವಿ ಡಾಲೆಕ್‌ಗಳ ಧ್ವನಿಯ ಕಷ್ಟವೇ ಬೇರೆ. ವಿಡಿಯೊ ಟೇಪನ್ನು ಕೈಯಿಂದಲೇ ಕತ್ತರಿಸಬೇಕಿದ್ದ ಆ ಕಾಲದಲ್ಲಿ ಕಂತನ್ನು ಆದಷ್ಟು ನಿಲ್ಲಿಸದೆ ರೆಕಾರ್ಡ್ ಮಾಡುತ್ತಿದ್ದರು. ಹಾಗಾಗಿ ಪೀಟರ್ ಹಾಕಿನ್ಸ್ ಮತ್ತು ಡೇವಿಡ್ ಗ್ರಹಾಂ ಸ್ಟುಡಿಯೊದ ಬದಿಯಲ್ಲಿ ಕೂತು ಮೈಕಿನಲ್ಲಿ ಆಗಲೇ ಮಾತನಾಡುತ್ತಿದ್ದರು. ಡಾಲೆಕ್‌ನ ಗೂಡಿನೊಳಗೆ ಕೂತು ಅದನ್ನು ನಡೆಸುತ್ತಿದ್ದವರು ಮಾತಿಗೆ ಸರಿಯಾಗಿ ತಲೆಯ ದೀಪ ಮಿನುಗಿಸಬೇಕು, ಆದ್ದರಿಂದ ಅವರಿಗೂ ಸಂಭಾಷಣೆ ಬಾಯಿಪಾಠ ಆಗಿರಬೇಕು. ಧ್ವನಿ ರಿಂಗ್ ಮಾಡ್ಯುಲೇಟರ್ (ಎರಡು ಸದ್ದುಗಳನ್ನು ಗುಣಿಸಿ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳನ್ನು ಕೊಡುವ ಉಪಕರಣ) ಮೂಲಕ ಹೋಗುತ್ತಿತ್ತು. ಅದಕ್ಕೆ 30 ಹರ್ಟ್ಸ್ ಕೊಟ್ಟರೆ 300 ಹರ್ಟ್ಸ್‌ನ ಸ್ವರ ಮಾಯವಾಗಿ 270 ಮತ್ತು 330 ಹೊರಬರುತ್ತವೆ. ಆ ಗರಗರದಲ್ಲಿ ವ್ಯಂಜನಗಳು ಮಸುಕಾಗುವುದರಿಂದ ಒಂದೇ ಶ್ರುತಿಯಲ್ಲಿ, ಅಕ್ಷರ ಬಿಡಿಸಿ, ಸ್ವರಾಕ್ಷರ ಎಳೆದು ಮಾತನಾಡಬೇಕು. ಮಾಡ್ಯುಲೇಟರಿನೊಳಗಿನ ನಾಲ್ಕು ಡಯೋಡುಗಳು ಒಂದಕ್ಕೊಂದು ಹೊಂದದಿದ್ದರೆ, ಯಾರೂ ಮಾತನಾಡದಿದ್ದಾಗಲೂ 30 ಹರ್ಟ್ಸ್‌ನ ಗುಂಯ್‌ ಸೋರುತ್ತದೆ. ನಟರನ್ನು ಕರೆಯುವ ಮೊದಲು ಮೈಕ್ ಮುಚ್ಚಿ ಆ ಸೋರಿಕೆ ಕೇಳುತ್ತದೆಯೇ ಎಂದು ನೋಡಿಕೊಳ್ಳಿ.