ಕಟ್ಟದೆ ಉಳಿದ ಅರಮನೆ

ಈ ಬೆಳಿಗ್ಗೆ ಚಂಡೀಗಢದ ಹಳೆಯ ನಕ್ಷೆಯ ಮುಂದೆ ಕುಳಿತ ನನ್ನನ್ನು ಕಟ್ಟಿದ ನಗರಕ್ಕಿಂತ ಕಟ್ಟದೆ ಬಿಟ್ಟದ್ದೇ ಹೆಚ್ಚು ಕಾಡಿತು. 1947ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿ, ಭಾರತದ ಪಾಲಿನ ಪಂಜಾಬಿಗೆ ರಾಜಧಾನಿಯೇ ಇಲ್ಲವಾದಾಗ, ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್ ಬೀಸಣಿಗೆಯಾಕಾರದ, ಬಾಗುವ ರಸ್ತೆಗಳ ಊರೊಂದನ್ನು ಕಾಗದದ ಮೇಲೆ ರೂಪಿಸಿದ್ದರು. ಅವರ ಸಹೋದ್ಯೋಗಿ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ ಕೆಲಸವು ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಕೈಗೆ ಬಂದು, ಆ ಬಾಗುಗಳು ಬಹುಮಟ್ಟಿಗೆ ನೇರವಾದವು. ಆದರೆ ಅವರ ಕನಸೂ ಪೂರ್ತಿ ಏಳಲಿಲ್ಲ. ಸರ್ಕಾರಿ ಕಟ್ಟಡಗಳ ಕ್ಯಾಪಿಟಲ್ ಸಂಕೀರ್ಣದ ನೆತ್ತಿಯಲ್ಲಿ ನಿಲ್ಲಬೇಕಿದ್ದ ರಾಜ್ಯಪಾಲರ ಅರಮನೆ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲವೆಂದು ನೆಹರೂ ಅವರಿಗೆ ಅನ್ನಿಸಿತು (ಅದು ಸರಿಯೆಂದೇ ನನ್ನ ಎಣಿಕೆ). ಬದಲಿಗೆ ಯೋಚಿಸಿದ ಜ್ಞಾನ ಸಂಗ್ರಹಾಲಯವೂ ಕಾಗದದಲ್ಲೇ ಉಳಿಯಿತು. ತೆರೆದ ಹಸ್ತದ ಸ್ಮಾರಕ ಮಾತ್ರ, ಕಾರ್ಬೂಸಿಯೆ ತೀರಿಕೊಂಡು 20 ವರ್ಷಗಳಾದ ಮೇಲೆ, 1985ರಲ್ಲಿ ಎದ್ದು ನಿಂತು ಗಾಳಿಗೆ ತಿರುಗತೊಡಗಿತು.