340 ಎಂಬಿ ಖಾಲಿ ಇತ್ತು, 4 ಎಂಬಿ ಸಿಗಲಿಲ್ಲ

ಕೋಲಾರದ ಹತ್ತಿರ ಒಂದು ಪ್ಯಾಕ್‌ಹೌಸ್‌ನಲ್ಲಿ ನಾವು ಕೂರಿಸಿದ್ದ ಟೊಮೆಟೊ ಗ್ರೇಡಿಂಗ್ ಮಷೀನ್ ಮೂರನೇ ದಿನ ಬೆಳಗ್ಗೆ ಕೈಕೊಟ್ಟಿತು. ಬೆಲ್ಟ್ ಓಡುತ್ತಿದೆ, ಕ್ಯಾಮೆರಾ ಮಾತ್ರ ಕಣ್ಣು ಬಿಡುತ್ತಿಲ್ಲ. ಹೊರಗೆ ಕ್ರೇಟ್ ಇಳಿಯುತ್ತಲೇ ಇದೆ.

ಮಷೀನ್ ನಡೆಸೋ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡ್‌ಗೆ ಲಾಗಿನ್ ಆಗಿ, ಎಷ್ಟು ಮೆಮೊರಿ ಖಾಲಿ ಇದೆ ಅಂತ ತೋರಿಸೋ ಫ್ರೀ ಕಮ್ಯಾಂಡ್ ಹೊಡೆದೆ. 340 ಎಂಬಿ ಖಾಲಿ. ‘ಮೆಮೊರಿ ಬೇಕಾದಷ್ಟಿದೆ, ಕೇಬಲ್ ಲೂಸ್ ಇರಬೇಕು’ ಅಂತ ಎಲ್ಲರೆದುರು ಹೇಳಿಬಿಟ್ಟೆ. ಕೇಬಲ್ ಬದಲಾಯಿಸಿದೆವು. ಕ್ಯಾಮೆರಾನೇ ಬದಲಾಯಿಸಿದೆವು. ನಲವತ್ತು ನಿಮಿಷ ಹೋಯಿತು. ಆಪರೇಟರ್ ಅಣ್ಣ ಒಂದು ಮಾತೂ ಆಡದೆ ಸ್ಟೂಲ್ ಎಳೆದುಕೊಂಡು ಕೈಯಲ್ಲೇ ಹಣ್ಣು ಆರಿಸೋಕೆ ಕೂತರು. ಬೈದಿದ್ದರೇ ವಾಸಿ ಇತ್ತು.

ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡೋ ಲಾಗ್ ನೋಡಿದ್ದು ಆಮೇಲೆ. ‘ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 10’: ಎರಡರ ಹತ್ತನೇ ಘಾತದಷ್ಟು, ಅಂದ್ರೆ 1024 ಪೇಜ್ (ಮೆಮೊರಿಯ ಚಿಕ್ಕ ತುಂಡು) ಕೇಳಿದರೆ ಸಿಗಲಿಲ್ಲ. ಕ್ಯಾಮೆರಾದ ಒಂದು 1920×1080 ಚಿತ್ರ, ಅಂದ್ರೆ ಪಿಕ್ಸೆಲ್‌ಗೆ 2 ಬೈಟ್ ಹಿಡಿಯೋ ವೈಯುವೈವಿ ಫ್ರೇಮ್, 41,47,200 ಬೈಟ್. ಅದಕ್ಕೆ 4 ಕೆಬಿಯ ಆ 1024 ಪೇಜ್ ಒಂದಕ್ಕೊಂದು ಅಂಟಿಕೊಂಡೇ ಸಿಗಬೇಕು. ಚದುರಿದ ಪೇಜ್ ಜೋಡಿಸಿ ಕೊಡೋ ವಿಮ್ಯಾಲಾಕ್ ಅಂತ ಒಂದಿದೆ, ಆದರೆ ಅದು ಕೊಡೋದು ಸಿಪಿಯು ಕಣ್ಣಿಗಷ್ಟೇ ಒಂದೇ ಸಾಲು. ಸಿಪಿಯು ದಾಟಿ ಕ್ಯಾಮೆರಾ ಚಿತ್ರವನ್ನು ನೇರ ಮೆಮೊರಿಗೆ ಬರೆಯೋ ಈ ಬೋರ್ಡಿನ ಡಿಎಂಎಗೆ ಅದು ನಡೆಯಲ್ಲ. ಯಾವ ಅಳತೆಯ ಖಾಲಿ ತುಂಡು ಎಷ್ಟಿವೆ ಅಂತ ತೋರಿಸೋ ಬಡ್ಡಿಇನ್ಫೊ ತೆಗೆದರೆ ಎಡಗಡೆಯ ಚಿಕ್ಕ ತುಂಡುಗಳ ಕಾಲಮ್‌ಗಳಲ್ಲಿ ಸಾವಿರಾರು, ದೊಡ್ಡವುಗಳ ಬಲತುದಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಅಣ್ಣನಿಗೆ ಹೇಳಿದರೆ ತಕ್ಷಣ ಅರ್ಥವಾಯಿತು: ‘ಮಂಡೀಲಿ ಸಂದಿಗೊಂದೀಲೆಲ್ಲ ಜಾಗ ಇರುತ್ತೆ ಸಾರ್, ಲಾರಿ ನಿಲ್ಲಿಸೋಕೆ ಮಾತ್ರ ಇರಲ್ಲ.’

ಚದುರಿದ ಪೇಜ್‌ಗಳನ್ನು ಒಂದು ಕಡೆ ಸರಿಸು ಅಂತ ಕರ್ನಲ್‌ಗೆ ಹೇಳೋ ‘ಕಾಂಪ್ಯಾಕ್ಟ್ ಮೆಮೊರಿ’ ಫೈಲ್‌ಗೆ 1 ಬರೆದೆ. ಒಂದು ದೊಡ್ಡ ತುಂಡು ಹುಟ್ಟಿತು. ನನಗೆ ಬೇಕಿದ್ದು ಅಂಥವು ನಾಲ್ಕು. ಕರ್ನಲ್ ತನ್ನ ಸ್ವಂತ ಕೆಲಸಕ್ಕೆ ಹಿಡಿದ ಸ್ಲ್ಯಾಬ್ ಪೇಜ್‌ಗಳು ನಡುನಡುವೆ ಕೂತಿದ್ದವು, ಅವು ಜರುಗಲ್ಲ. ಕೊನೆಗೆ ರೀಬೂಟ್.

ತಪ್ಪು ನನ್ನದೇ. ಲಾಟ್ ಬದಲಾದಾಗಲೆಲ್ಲ ಬಫರ್ (ಫ್ರೇಮ್ ಇಡೋ ಜಾಗ) ಬಿಟ್ಟು ಮತ್ತೆ ಕೇಳೋ ಹಾಗೆ ಕ್ಯಾಮೆರಾದ ಡ್ರೈವರ್ ಬರೆದಿದ್ದೆ, ಮೆಮೊರಿ ಉಳಿಸ್ತಿದ್ದೀನಿ ಅನ್ನೋ ಜಂಬ ಬೇರೆ. ದಿನ ಕಳೆದಂತೆ ಬಿಟ್ಟ ಜಾಗ ಚೂರಾಗುತ್ತಾ ಹೋಗಿತ್ತು. ಆಫೀಸಿನಲ್ಲಿ ದಿನಾ ಸಂಜೆ ಬೋರ್ಡ್ ಆಫ್ ಮಾಡಿ ಮನೆಗೆ ಹೋಗುತ್ತಿದ್ದೆವು. ಮೂರನೇ ದಿನ ಅನ್ನೋದೇ ಅಲ್ಲಿ ಬರುತ್ತಿರಲಿಲ್ಲ.

ಇಂಥ ಒಂದೇ ಸಾಲಿನ ದೊಡ್ಡ ತುಂಡಿಗೆ ಬೂಟ್ ಆಗುವಾಗಲೇ ಜಾಗ ಕಾದಿಡೋ ವ್ಯವಸ್ಥೆ ಸಿಎಂಎ. ಅದು ಲಿನಕ್ಸ್‌ಗೆ ಬಂದಿದ್ದು 2012ರಲ್ಲಿ, 3.5 ಕರ್ನಲ್ ಜೊತೆ. ಬೋರ್ಡ್ ಕೊಟ್ಟವರು ಅದನ್ನು ಕಾನ್ಫಿಗ್‌ನಲ್ಲಿ ಆಫ್ ಮಾಡಿಟ್ಟಿದ್ದರು, ಯಾಕೋ ದೇವರಿಗೇ ಗೊತ್ತು. ಆನ್ ಮಾಡಿ ಬೂಟ್‌ಆರ್ಗ್ಸ್‌ನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡೋ ಸೂಚನೆ) 64 ಎಂಬಿ ಕಾದಿಟ್ಟೆ. ಈಗ ಡ್ರೈವರ್ ಶುರುವಾಗೋ ಪ್ರೋಬ್‌ ಹಂತದಲ್ಲೇ ಬಫರ್‌ಗಳನ್ನು ಒಂದು ಸಲ ತೆಗೆದುಕೊಂಡರೆ ಮತ್ತೆ ಬಿಡೋದಿಲ್ಲ.

ಆವತ್ತು ಮ್ಯಾನೇಜರ್ ಹಾಕಿಸಿದ ಪರಿಹಾರ ಬೇರೆ: ದಿನಾ ರಾತ್ರಿ 2 ಗಂಟೆಗೆ ತಾನಾಗೇ ರೀಬೂಟ್ ಮಾಡೋ ಒಂದು ಕ್ರಾನ್ ಲೈನ್. ಅದು ಈಗಲೂ ಇದೆ. ತೆಗೆಯೋಣ ಸಾರ್ ಅಂದ್ರೆ, ‘ಇರಲಿ ಬಿಡ್ರಿ, ಏನ್ ಅನ್ನ ಕೇಳುತ್ತಾ?’